ತೊಳೆದಿಟ್ಟ ಮನೆಗಳ ಧೂಳು

ಮಲಗುವ ಕೋಣೆಗೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಎಷ್ಟು ಹೆಸರುಗಳಿವೆ ಎಂದು ಯಾರಿಗಾದರೂ ತಿಳಿಯಬೇಕಿದ್ದರೆ ನನ್ನನ್ನು ಕೇಳಬೇಕು. ರಾಜಾಜಿನಗರದ ಕಾಲೇಜಿನವರು ಕಳಿಸಿದ ಎಕ್ಸೆಲ್ ಶೀಟಿನಲ್ಲಿ ಅದು ‘ಬೆಡ್‌ರೂಮ್’. ಕೆಂಗೇರಿಯವರ ಶೀಟಿನಲ್ಲಿ ಬರೀ ‘ರೂಮ್’. ಯಾವ ರೂಮು ಎಂದು ಫೋನ್ ಮಾಡಿ ಕೇಳಿದರೆ, “ಇರೋದೇ ಒಂದು ರೂಮು ಮೇಡಂ, ಇನ್ನೇನ್ ಬರೀಲಿ?” ಎನ್ನುವ ಉತ್ತರ. ನಮ್ಮ ವಿಜಯನಗರದ ಕಾಲೇಜಿನ ಹುಡುಗಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಅಜ್ಜಿ ರೂಮ್’, ‘ಅಣ್ಣನ ರೂಮ್’ ಎಂದೆಲ್ಲ ತುಂಬಿದ್ದರು. ನೆಲಮಹಡಿಗೆ ಒಬ್ಬರು ಸೊನ್ನೆ ಹಾಕಿದ್ದರೆ ಇನ್ನೊಬ್ಬರು ಒಂದು ಹಾಕಿದ್ದರು. ಕಿಟಕಿ ತೆರೆದಿತ್ತೇ ಎಂಬ ಕಾಲಂನಲ್ಲಿ ಹೌದು ಅಥವಾ ಇಲ್ಲ ಎಂದಷ್ಟೇ ಬರೆಯಬೇಕಿತ್ತು. ಒಬ್ಬ ಮಹಾನುಭಾವ ‘ಸೊಳ್ಳೆ ಬರುತ್ತದೆ’ ಎಂದು ಬರೆದಿದ್ದ.

ಇದೆಲ್ಲವನ್ನೂ ಒಂದು ಮಾಡುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಮನೆಗಳ ಒಳಗಿನ ಧೂಳಿನಲ್ಲಿ ಯಾವ ಯಾವ ಸೂಕ್ಷ್ಮಜೀವಿಗಳಿವೆ, ಎಷ್ಟಿವೆ ಎಂದು ನೋಡುವ ಯೋಜನೆ ಅದು. ಮೂರು ಕಾಲೇಜುಗಳು ಸೇರಿ ಮಾಡುತ್ತಿದ್ದೆವು. ಅನುದಾನ ಕೊಟ್ಟವರದು ಒಂದೇ ಷರತ್ತು: ಮೂರೂ ಕಡೆಯ ಡೇಟಾ ಒಂದೇ ಮಾದರಿಯಲ್ಲಿರಬೇಕು, ಅದನ್ನು ಪ್ರಪಂಚದ ಯಾವ ಸಂಶೋಧಕರು ಬೇಕಾದರೂ ನೋಡುವಂಥ ಸಾರ್ವಜನಿಕ ಡೇಟಾಬೇಸಿಗೆ ಸೇರಿಸಬೇಕು. ಮೊದಲ ಮೀಟಿಂಗಿನಲ್ಲಿ “ಕಾಲಂಗಳಿಗೆ ಎಲ್ಲರೂ ಒಂದೇ ಹೆಸರು ಇಟ್ಕೊಳ್ಳೋಣ” ಎಂದು ಬಾಯಿ ಬಿಟ್ಟವಳು ನಾನು. ಬಾಯಿ ಬಿಟ್ಟವರ ತಲೆಗೇ ಕೆಲಸ ಕಟ್ಟುವುದು ನಮ್ಮ ಕಾಲೇಜುಗಳ ಹಳೆಯ ಪದ್ಧತಿ.

ಆ ಡೇಟಾಬೇಸಿನವರು ಕೊಟ್ಟ ಮಾದರಿಯೂ ಒಂದು ತಮಾಷೆ. ಮನೆಯಲ್ಲಿ ಕಾರ್ಪೆಟ್ ಎಂಥದು, ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಯಂತ್ರ ಯಾವುದು ಎಂದೆಲ್ಲ ಕೇಳುತ್ತಾರೆ. ಬೆಳಗ್ಗೆ ಸಂಜೆ ಊದುಬತ್ತಿ ಹಚ್ಚುವ ಮನೆಯೋ, ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡಿದೆಯೋ ಎಂದು ಕೇಳುವುದಿಲ್ಲ. ಧೂಳು ತೆಗೆಯಬೇಕಾದ ಜಾಗವನ್ನೂ ಅವರೇ ಗೊತ್ತು ಮಾಡಿದ್ದರು. ಮಲಗುವ ಕೋಣೆಯ ಬಾಗಿಲ ಚೌಕಟ್ಟಿನ ಮೇಲ್ತುದಿಯಲ್ಲಿ ಹತ್ತಿ ಸುತ್ತಿದ ಕಡ್ಡಿಯನ್ನು ಆಡಿಸಿ ತೆಗೆಯಬೇಕು. ಅಲ್ಲಿ ಯಾರೂ ಒರೆಸುವುದಿಲ್ಲ, ಧೂಳು ತಿಂಗಳುಗಟ್ಟಲೆ ಕೂತಿರುತ್ತದೆ, ಹಾಗಾಗಿ ಆ ಕೋಣೆಯ ಗಾಳಿಯಲ್ಲಿ ಏನೇನು ತೇಲುತ್ತಿತ್ತು ಎಂಬುದು ಅಲ್ಲಿ ಸಿಗುತ್ತದೆ ಎಂಬ ಲೆಕ್ಕಾಚಾರ. ತರ್ಕವೇನೋ ಸರಿ. ಅದನ್ನು ಬರೆದವರು ನಮ್ಮ ಕಡೆಯ ಮನೆಗಳಿಗೆ ಬಂದಿರಲಿಲ್ಲ, ಅಷ್ಟೆ.

ಹೆಣಗಾಡಿ ಮೂರು ಶೀಟುಗಳನ್ನು ಒಂದು ಮಾಡಿದ ಮೇಲೆ ನೋಡಿದರೆ ಕೆಂಗೇರಿಯ ಮನೆಗಳು ಬೆಳ್ಳಿ ಬಟ್ಟಲಿನಂತೆ ಹೊಳೆಯುತ್ತಿದ್ದವು. ರಾಜಾಜಿನಗರದಲ್ಲಿ ಧೂಳು, ವಿಜಯನಗರದಲ್ಲಿ ಧೂಳು, ಕೆಂಗೇರಿಯಲ್ಲಿ ಮಾತ್ರ ಸೂಕ್ಷ್ಮಜೀವಿಗಳೆಲ್ಲ ಊರು ಬಿಟ್ಟು ಹೋದ ಹಾಗೆ. ನನಗೆ ಅನುಮಾನ ಬಂತು. ಕೆಂಗೇರಿ ಕಾಲೇಜಿನ ಪ್ರೊಫೆಸರಿಗೆ ಹೆಮ್ಮೆ ಬಂತು. ಅವರು ನನಗಿಂತ ಹಿರಿಯರು, ನಿವೃತ್ತಿಗೆ ಹತ್ತಿರವಿದ್ದವರು, ಯಾರ ಮನಸ್ಸನ್ನೂ ನೋಯಿಸದ ಸಜ್ಜನ. ಇಂಥ ಸಜ್ಜನರ ಜೊತೆ ಕೆಲಸ ಮಾಡುವುದಕ್ಕಿಂತ ಜಗಳಗಂಟರ ಜೊತೆ ಮಾಡುವುದು ಎಷ್ಟೋ ವಾಸಿ.

“ನೋಡಿದ್ರಾ ಮೇಡಂ ನಮ್ಮ ಕೆಂಗೇರಿನ! ನಿಮ್ಮ ವಿಜಯನಗರ, ರಾಜಾಜಿನಗರ ಎಲ್ಲಾ ಹಿಂದೆ” ಎಂದು ಫೋನಿನಲ್ಲಿ ನಕ್ಕರು. “ಇನ್ನೇನ್ ಯೋಚನೆ? ಬೇಗ ಅಪ್‌ಲೋಡ್ ಮಾಡ್ಬಿಡಿ.”

ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ಸಜ್ಜನರಾಗುತ್ತಿರಲಿಲ್ಲ. ಕೆಂಗೇರಿಯಲ್ಲಿ ಧೂಳು ಕೊಟ್ಟ ಪ್ರತಿ ಮನೆಗೂ ಚಿನ್ನದ ಬಣ್ಣದ ಅಂಚಿರುವ ಒಂದು ಪ್ರಮಾಣಪತ್ರ ಅಚ್ಚು ಹಾಕಿಸಿ ಹಂಚಿದ್ದರು. ‘ತಮ್ಮ ಮನೆಯಲ್ಲಿ ಸೂಕ್ಷ್ಮಜೀವಿಗಳ ಪ್ರಮಾಣ ಅತ್ಯಂತ ಕಡಿಮೆ ಇದ್ದು, ಅಭಿನಂದನೆಗಳು’ ಎಂದು ಅದರಲ್ಲಿ ಬರೆದಿತ್ತು. ಹೆಚ್ಚಿನ ವಿವರಗಳಿಗೆ ಎಂದು ಕೆಳಗೆ ನನ್ನ ಫೋನ್ ನಂಬರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಆ ನಂಬರಿಗೆ ಬಂದ ಮೊದಲ ಫೋನು ಹಳೆ ಕೆಂಗೇರಿಯ ಒಬ್ಬ ಹೆಂಗಸಿನದು. ದನಿ ತೀರಾ ಕೆಳಗಿತ್ತು.

“ಮೇಡಂ, ನಮ್ಮನೆ ರಿಪೋರ್ಟ್ ಬಂದಿದೆ. ಅದು ತಪ್ಪಾಗಿರಬಹುದಾ?”

“ಮನೆ ಚೆನ್ನಾಗಿದೆ ಅಂತ ತಾನೇ ಬಂದಿರೋದು?”

“ಅದೇ ಮೇಡಂ ತೊಂದ್ರೆ ಆಗಿರೋದು.”

ಆಕೆಯ ಮಗಳು ಮೂರನೇ ಕ್ಲಾಸು. ರಾತ್ರಿಯಾದರೆ ಉಬ್ಬಸ. ಮಲಗುವುದು ಹಿಂದಿನ ರೂಮಿನಲ್ಲಿ. ಆ ರೂಮಿಗೂ ಬಚ್ಚಲಿಗೂ ನಡುವೆ ಇರುವುದು ಒಂದೇ ಗೋಡೆ, ಅದು ಬೇಸಿಗೆಯಲ್ಲೂ ಒದ್ದೆ. ಮಗುವನ್ನು ಆ ರೂಮಿನಿಂದ ಹೊರಗೆ ಮಲಗಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಹೊರಗೆ ಎಂದರೆ ಹಾಲ್. ಹಾಲಿನಲ್ಲಿ ಅತ್ತೆಯ ಮಂಚ, ಅತ್ತೆಯ ಟಿವಿ, ಬಂದವರು ಕೂರುವ ಸೋಫಾ. ಬಂದವರ ಎದುರಿಗೆ ಹಾಸಿಗೆ ಬಿಚ್ಚಿಕೊಂಡಿರುವುದು ಅತ್ತೆಗೆ ಆಗದು. ಬಚ್ಚಲ ಪೈಪು ಒಡೆಸಿ ಗೋಡೆ ರಿಪೇರಿ ಮಾಡಿಸೋಣ ಎಂದರೆ, ತನ್ನ ಗಂಡ ನಿಂತು ಕಟ್ಟಿಸಿದ ಮನೆಯಲ್ಲಿ ಹುಳುಕು ಹುಡುಕುತ್ತೀಯಾ ಎಂದು ಅತ್ತೆ ರೇಗಿದ್ದರು. ಈಕೆಯ ಗಂಡ ಎರಡೂ ಕಡೆಯ ಸಿಟ್ಟು ಬೇಡವೆಂದು, “ಕಾಲೇಜಿನೋರು ಧೂಳು ತಗೊಂಡು ಹೋಗಿದಾರಲ್ಲ, ರಿಪೋರ್ಟ್ ಬರ್ಲಿ, ನೋಡೋಣ” ಎಂದಿದ್ದ. ರಿಪೋರ್ಟು ಬಂತು, ಚಿನ್ನದ ಅಂಚಿನೊಂದಿಗೆ. ಅತ್ತೆ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಹಾಲಿನಲ್ಲಿ ನೇತು ಹಾಕಿದ್ದರು.

“ಕಾಲೇಜಿನೋರೇ ಸರ್ಟಿಫಿಕೇಟ್ ಕೊಟ್ಟವ್ರೆ, ಮಗೀಗೆ ಐಸ್‌ಕ್ರೀಮ್ ಕೊಡ್ಸೋದ್ ನಿಲ್ಸು ಮೊದ್ಲು ಅಂತಾರೆ ಮೇಡಂ. ನಮ್ಮನೆಯೋರೂ ಸುಮ್ಮನಾಗ್ಬಿಟ್ರು. ರಾತ್ರಿ ಅವಳು ಉಸಿರು ಎಳ್ಕೊಳ್ಳೋದು ನಿಮಗೆ ಕೇಳಿಸ್ಬೇಕಿತ್ತು.”

ನೋಡುತ್ತೇನೆ ಎಂದು ಫೋನ್ ಇಟ್ಟೆ. ಕಾಲಂಗಳ ಹೆಸರಿಗೆ ನಾವು ಕಿತ್ತಾಡುತ್ತಿದ್ದರೆ ಅಲ್ಲೊಂದು ಮಗು ನಮ್ಮ ಕಾಗದದ ದೆಸೆಯಿಂದಲೇ ಒದ್ದೆ ಗೋಡೆಯ ಪಕ್ಕ ಮಲಗುತ್ತಿತ್ತು.

ಕೆಂಗೇರಿಯವರು ಧೂಳು ತೆಗೆಯುವ ರೀತಿಯನ್ನು ಕಣ್ಣಾರೆ ನೋಡದೆ ವಿಧಿಯಿರಲಿಲ್ಲ. ಅವರಿಗೆ ಇನ್ನೂ ಕೆಲವು ಮನೆಗಳು ಬಾಕಿ ಇದ್ದವು. ನಾನೂ ಬರುತ್ತೇನೆ ಎಂದೆ. ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಯಲ್ಲಿ ಇಳಿದು ಅವರ ತಂಡದ ಜೊತೆ ಉಪನಗರದ ಒಂದು ಮನೆಗೆ ಹೋದೆ. ಗೇಟಿನಲ್ಲೇ ಫಿನಾಯಿಲ್ ವಾಸನೆ. ಬಾಗಿಲಲ್ಲಿ ಹಬ್ಬದ ದಿನದಷ್ಟು ದೊಡ್ಡ ರಂಗೋಲಿ. ಒಳಗೆ ನೆಲ ಇನ್ನೂ ಒದ್ದೆ, ಜಾರಿ ಬೀಳದಂತೆ ಕಾಲಿಡಬೇಕು. ಮಂಚದ ಮೇಲೆ ಅಂಗಡಿಯ ಮಡಿಕೆ ಇನ್ನೂ ಮಾಸದ ಹೊಸ ಹೊದಿಕೆ. ಮಲಗುವ ಕೋಣೆಯ ಬಾಗಿಲ ಪಕ್ಕದಲ್ಲೊಂದು ಸ್ಟೂಲು, ಸ್ಟೂಲಿನ ಮೇಲೆ ಹಿಂಡಿಟ್ಟ ಒದ್ದೆ ಬಟ್ಟೆ. ತಂಡದ ಹುಡುಗ ಅದೇ ಸ್ಟೂಲನ್ನು ಹತ್ತಿ ಚೌಕಟ್ಟಿನ ಮೇಲೆ ಶ್ರದ್ಧೆಯಿಂದ ಕಡ್ಡಿ ಆಡಿಸಿದ. ಕಡ್ಡಿಯ ಹತ್ತಿ ಹೋದಷ್ಟೇ ಬೆಳ್ಳಗೆ ವಾಪಸು ಬಂತು. ಅದನ್ನವನು ಸೀಸೆಗೆ ಹಾಕಿ ನಂಬರು ಬರೆದ.

ಮನೆಯಾಕೆ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟರು.

“ನಾವು ಬರೋದು ನಿಮಗೆ ಹೇಗೆ ಗೊತ್ತಾಯ್ತು?” ಎಂದೆ.

“ಸಾರ್ ನಿನ್ನೆನೇ ಫೋನ್ ಮಾಡಿದ್ರಲ್ಲ! ದೊಡ್ಡ ಮನುಷ್ಯರು ಅವ್ರು. ಹೇಳ್ದೆ ಕೇಳ್ದೆ ಯಾರಾದ್ರೂ ಇನ್ನೊಬ್ಬರ ಮನೆಗೆ ನುಗ್ತಾರಾ?”

ಮನೆಯ ಧೂಳು ನೋಡಲು ಕಾಲೇಜಿನವರು ಬರುತ್ತಾರೆ ಎಂದು ಒಂದು ದಿನ ಮುಂಚೆ ಹೇಳಿದರೆ ನಮ್ಮ ಹೆಂಗಸರು ಏನು ಮಾಡುತ್ತಾರೆ? ಧೂಳು ಇಲ್ಲದ ಹಾಗೆ ಮಾಡುತ್ತಾರೆ! ಬಸವೇಶ್ವರನಗರದ ನಮ್ಮ ಮನೆಯಲ್ಲೇ ನಮ್ಮಮ್ಮ ಕೆಲಸದವಳು ಬರುವ ಮೊದಲು ಒಂದು ಸಲ ಗುಡಿಸಿಬಿಡುತ್ತಾರೆ. ಯಾಕಮ್ಮ ಎಂದರೆ, “ಇಷ್ಟು ಗಲೀಜಾಗಿ ಇಟ್ಕೊಂಡಿದಾರೆ ಅಂತ ಅವಳು ಅಂದ್ಕೋಬಾರದು ಕಣೇ” ಎನ್ನುತ್ತಾರೆ. ಅಂಥದ್ದರಲ್ಲಿ ಪ್ರೊಫೆಸರು ಬರುತ್ತಾರೆಂದರೆ ಬಾಗಿಲ ಮೇಲ್ತುದಿಯನ್ನು ಬಿಟ್ಟಾರೇ? ರಾಜಾಜಿನಗರದವರು ಯಾರಿಗೂ ತಿಳಿಸದೆ ನೇರವಾಗಿ ಹೋಗಿ ಬಾಗಿಲು ತಟ್ಟಿದ್ದರು. ನಾವು ವಿಜಯನಗರದವರು ನಮ್ಮ ವಿದ್ಯಾರ್ಥಿನಿಯರ ಮನೆಗಳನ್ನೇ ಹಿಡಿದು, ಮುಟ್ಟಬೇಡಿ, ಒರೆಸಬೇಡಿ ಎಂದು ಗದರಿಸಿಟ್ಟಿದ್ದೆವು. ಮೂರು ಕಾಲೇಜು, ಮೂರು ರೀತಿ. ಕಡ್ಡಿ ಎಷ್ಟು ಸೆಕೆಂಡು ಆಡಿಸಬೇಕು ಎಂಬುದರ ಮೇಲೆ ಅರ್ಧ ದಿನ ಚರ್ಚೆ ಮಾಡಿದ್ದ ನಾವು, ಬಾಗಿಲು ತಟ್ಟುವುದು ಹೇಗೆ ಎಂದು ಮಾತೇ ಆಡಿರಲಿಲ್ಲ.

ಮೀಟಿಂಗು ಕರೆದೆ. ಇನ್ನೊಂದು ಕಾಲಂ ಸೇರಿಸೋಣ, ಧೂಳು ತೆಗೆಯುವ ಮೊದಲು ಮನೆಯವರು ಅಲ್ಲಿ ತೊಳೆದಿದ್ದರೇ, ಒರೆಸಿದ್ದರೇ ಎಂದು ಅದರಲ್ಲಿ ಬರೆಯೋಣ ಎಂದೆ.

“ಆ ಮಾದರಿಯಲ್ಲಿ ಅಂಥ ಕಾಲಂ ಇಲ್ಲವಲ್ಲ ಮೇಡಂ” ಎಂದರು ಪ್ರೊಫೆಸರು.

“ನಾವು ಸೇರಿಸಬಹುದು ಸಾರ್. ಅದಕ್ಕೆ ಅವಕಾಶ ಕೊಟ್ಟಿದಾರೆ.”

“ಅಲ್ಲಾ, ತಿಳಿಸಿ ಹೋಗಿದ್ದೇ ತಪ್ಪು ಅನ್ನೋ ಹಾಗಿದೆ ನಿಮ್ಮ ಮಾತು. ಹೇಳ್ದೆ ಹೋಗಿ ಬಾಗಿಲು ತಟ್ಟೋದು ನಮ್ಮ ಸಂಸ್ಕೃತಿನಾ?”

ರಾಜಾಜಿನಗರದ ಮೇಡಂ ಅಲ್ಲಿಯವರೆಗೆ ಫೋನ್ ನೋಡುತ್ತಾ ಕೂತಿದ್ದವರು ತಲೆಯೆತ್ತಿ, “ಹಾಗಾದ್ರೆ ನಾವು ಸಂಸ್ಕೃತಿ ಇಲ್ಲದೋರಾ ಸಾರ್?” ಎಂದರು. ಮುಗಿಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಟೀ ಆರಿತು, ಬೋಂಡ ಆರಿತು. ಕೊನೆಗೆ ಕೆಂಗೇರಿಯ ಮನೆಗಳಿಗೆ ನಾನೇ ಫೋನ್ ಮಾಡಿ ಕೇಳುವುದು ಎಂದು ತೀರ್ಮಾನವಾಯಿತು. ಮತ್ತೆ ನಾನೇ.

ಒಂದೊಂದು ಮನೆಗೂ ಫೋನ್ ಮಾಡಿದೆ. ಅಂದು ವಿಶೇಷವಾಗಿ ಮನೆ ತೊಳೆದಿದ್ದಿರಾ ಎಂದು ಎಷ್ಟು ನಯವಾಗಿ ಕೇಳಬಹುದೋ ಅಷ್ಟು ನಯವಾಗಿ ಕೇಳಿದೆ. “ವಿಶೇಷ ಏನಿಲ್ಲಪ್ಪ, ನಮ್ಮನೆ ದಿನಾ ಹಾಗೇ ಇರೋದು.” “ಬಾಗಿಲ ಮೇಲೆ ಒರೆಸಿದ್ರಾ ಅಂದ್ರೆ ಏನರ್ಥ? ನಾವು ದಿನಾ ಒರೆಸ್ತೀವಿ.” “ಯಾಕೆ ಮೇಡಂ, ಯಾರಾದ್ರೂ ನಮ್ಮನೆ ಗಲೀಜು ಅಂದ್ರಾ?” ಒಬ್ಬಾಕೆ ದನಿ ತಗ್ಗಿಸಿ, “ಪಕ್ಕದ ಮನೆಯೋರು ತೊಳೆದ್ರು ಮೇಡಂ, ನಾನೇ ನೋಡಿದೀನಿ. ಏಣಿ ಹಾಕ್ಕೊಂಡು ತೊಳೆದ್ರು. ನಾವಂತೂ ಇಲ್ಲ” ಎಂದರು. ಪಕ್ಕದ ಮನೆಗೆ ಫೋನ್ ಮಾಡಿದರೆ ಅವರು ಇವರ ಬಗ್ಗೆ ಅದನ್ನೇ ಹೇಳಿದರು. ತೊಳೆದೆವು ಎಂದು ಒಪ್ಪಿಕೊಂಡರೆ ಉಳಿದ ದಿನ ಕೊಳಕಾಗಿರುತ್ತದೆ ಎಂದು ಒಪ್ಪಿಕೊಂಡ ಹಾಗಲ್ಲವೇ? ಕಾಲಂ ಪೂರ್ತಿ ‘ಇಲ್ಲ’ ಎಂದು ತುಂಬಿತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆ.

ಕೊನೆಗೆ ಹಳೆ ಕೆಂಗೇರಿಯ ಆ ತಾಯಿಗೆ ಫೋನ್ ಮಾಡಿದೆ. ಈಕೆಯಾದರೂ ನಿಜ ಹೇಳುತ್ತಾಳೆ, ರಿಪೋರ್ಟು ತಪ್ಪೆಂದು ಆಗಬೇಕಿರುವುದು ಈಕೆಗೇ ತಾನೇ ಎಂಬ ಧೈರ್ಯ.

“ನಮ್ಮ ತಂಡ ಬರೋ ಮೊದಲು ಆ ರೂಮ್ ತೊಳೆದಿದ್ರಾ?”

“ಇಲ್ಲ ಮೇಡಂ. ನಮ್ಮನೆ ಯಾವಾಗ್ಲೂ ಕ್ಲೀನಾಗೇ ಇರತ್ತೆ.”

ನನ್ನ ಸಹನೆ ಕಟ್ಟೊಡೆಯಿತು. “ನೋಡೀಮ್ಮ, ರಿಪೋರ್ಟ್ ತಪ್ಪಾಗಿರಬೇಕು, ಮನೆ ಮಾತ್ರ ಚೊಕ್ಕಟವಾಗೇ ಇರಬೇಕು ಅಂದ್ರೆ ಎರಡೂ ಹೇಗಾಗತ್ತೆ? ಮಗು ಉಸಿರಾಡಬೇಕೋ ಬೇಡವೋ?” ಎಂದು ಕೂಗಾಡಿದೆ.

ಆ ಕಡೆಯಿಂದ “ಅತ್ತೆ ಇಲ್ಲೇ ಕೂತಿದಾರೆ” ಎಂಬ ಪಿಸುಮಾತು ಕೇಳಿ ಫೋನು ಕಟ್ಟಾಯಿತು.

ಮರುದಿನವೇ ಹೊರಟೆ. ಪ್ರೊಫೆಸರಿಗೂ ಹೇಳಲಿಲ್ಲ, ಆಕೆಗೂ ಹೇಳಲಿಲ್ಲ. ಹತ್ತಿ ಕಡ್ಡಿ, ಸೀಸೆ, ಒಪ್ಪಿಗೆ ಪತ್ರ ಎಲ್ಲ ಚೀಲಕ್ಕೆ ಹಾಕಿಕೊಂಡು ಹೋದೆ. ಹಳೆಯ ಕಾಲದ ಊರಿನ ಬೀದಿ ಅದು. ಒಂದು ಕಾಲಕ್ಕೆ ಹೊಲ ಗದ್ದೆ ಇಟ್ಟುಕೊಂಡಿದ್ದವರ ಮನೆಗಳು, ಈಗ ಮುಂದೆ ಅಂಗಡಿ ಮಳಿಗೆ, ಮೇಲೆ ಬಾಡಿಗೆಯವರು. ಬಾಗಿಲು ತಟ್ಟಿದೆ. ಅರ್ಧ ತೆರೆದು ನೋಡಿದ ಆಕೆಯ ಮುಖದ ಬಣ್ಣ ಇಳಿಯಿತು.

“ಮೇಡಂ! ಒಂದು ಮಾತು ಹೇಳಿ ಬರಬಾರದಿತ್ತಾ? ಐದೇ ನಿಮಿಷ, ಇಲ್ಲೇ ಇರಿ.”

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು. ಮರುಕ್ಷಣ ಬರ್, ಬರ್ ಎಂದು ಪೊರಕೆಯ ಸದ್ದು.

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು, “ಅಮ್ಮಾ ತಾಯಿ, ಗುಡಿಸಬೇಡಿ! ಪೊರಕೆ ಕೆಳಗಿಡಿ! ನಾನು ಬಂದಿರೋದೇ ಕಸಕ್ಕೆ!” ಎಂದು ಕಿರುಚಿದೆ. ಎದುರು ಮನೆಯವರು, ಮಳಿಗೆಯವರು ಎಲ್ಲ ಹೊರಗೆ ಬಂದು ನೋಡಿದರು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು ಹಗಲು ಹೊತ್ತಿನಲ್ಲಿ ಬೀದಿಯಲ್ಲಿ ನಿಂತು ಕಸ ಬೇಕೆಂದು ಕೂಗುವುದು ದಿನಾ ಸಿಗುವ ನೋಟವಲ್ಲ.

ಬೀದಿಗೆ ಕೇಳಿಸಿದ್ದಕ್ಕೇ ಇರಬೇಕು, ಈ ಸಲ ಬಾಗಿಲು ತೆರೆದದ್ದು ಅತ್ತೆ. “ಏನ್ ತಾಯಿ ಇದು, ಮಾನ ಹರಾಜ್ ಹಾಕ್ತಿದೀರ! ಬನ್ನಿ ಒಳಕ್ಕೆ, ಕೂತ್ಕಳಿ, ಕಾಪಿ ಕುಡೀರಿ. ಆಗ್ಲೇ ಸರ್ಟಿಫಿಕೇಟ್ ಕೊಟ್ಟಾಗೈತೆ, ಇನ್ನೇನ್ ನೋಡೋದೈತೆ?”

ಸೊಸೆ ಪೊರಕೆ ಹಿಡಿದುಕೊಂಡೇ ಹಾಲಿನ ನಡುವೆ ನಿಂತಿದ್ದಳು. ಗುಡಿಸಿದ್ದು ಹಾಲನ್ನು ಮಾತ್ರ, ಹಿಂದಿನ ರೂಮಿನವರೆಗೆ ಇನ್ನೂ ಹೋಗಿರಲಿಲ್ಲ. ನಾನು ಹೇಳುವುದೆಲ್ಲ ಕಿಟಕಿಯಲ್ಲೇ ಮುಗಿದಿತ್ತು. ಆಕೆ ಅತ್ತೆಯ ಮುಖ ನೋಡಿದಳು, ಪೊರಕೆಯನ್ನು ಗೋಡೆಗೆ ಒರಗಿಸಿದಳು, “ಬನ್ನಿ ಮೇಡಂ” ಎಂದು ಹಿಂದಕ್ಕೆ ನಡೆದಳು.

ಮಗು ಆ ರೂಮಿನ ಮಂಚದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿತ್ತು. ಅಂದು ಶಾಲೆಗೆ ಹೋಗಿರಲಿಲ್ಲ. ಬಾಯಿ ತೆರೆದುಕೊಂಡು ಉಸಿರಾಡುತ್ತಿತ್ತು, ಪ್ರತಿ ಉಸಿರಿಗೂ ಸಣ್ಣಗೆ ಸಿಳ್ಳಿನ ಸದ್ದು. ತಾಯಿ ಮಗಳನ್ನು ಎಬ್ಬಿಸಿ ಮಂಚವನ್ನು ಒಬ್ಬಳೇ ಎಳೆದು ಗೋಡೆಯಿಂದ ದೂರ ಸರಿಸಿದಳು. ದಿಂಬಿರುವ ಎತ್ತರಕ್ಕೆ ಸರಿಯಾಗಿ ಗೋಡೆಯ ಮೇಲೆ ಕಪ್ಪು ಬೂಸ್ಟು, ಅಂಚಿನಲ್ಲಿ ಹಸಿರು. ಸುಣ್ಣ ಉಬ್ಬಿ ಎದ್ದಿತ್ತು.

“ನಿಮ್ಮೋರು ಬರೋ ಹಿಂದಿನ ದಿನ ಇದನ್ನೆಲ್ಲ ಬ್ರಷ್ ಹಾಕಿ ಉಜ್ಜಿದ್ದೆ” ಎಂದಳು. “ಬಾಗಿಲ ಮೇಲೂ ಒರೆಸಿದ್ದೆ. ಮನೆಗೆ ಬಂದೋರಿಗೆ ಇದನ್ನ ಹೆಂಗ್ ತೋರ್ಸೋದು ಮೇಡಂ?”

ಮಗಳಿಗಾಗಿ ಪುರಾವೆ ಬೇಕೆಂದು ಕಾಯುತ್ತಿದ್ದವಳೇ ಆ ಪುರಾವೆಯನ್ನು ಉಜ್ಜಿ ತೊಳೆದು ಬಚ್ಚಲಿಗೆ ಹರಿಸಿದ್ದಳು. ಬೈಯಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಕೆಯ ಕಣ್ಣು ನೆಲದ ಮೇಲಿತ್ತು. ಬಾಗಿಲ ಚೌಕಟ್ಟಿನ ಮೇಲೆ ಕಡ್ಡಿ ಆಡಿಸಿದೆ, ಅದು ಕಪ್ಪಾಗಿ ಇಳಿದು ಬಂತು. ಮಾದರಿಯಲ್ಲಿ ಇಲ್ಲದಿದ್ದರೂ ಗೋಡೆಯಿಂದ ಇನ್ನೊಂದು ಕಡ್ಡಿ ತೆಗೆದೆ. ಒಪ್ಪಿಗೆ ಪತ್ರ ಓದಿ ಹೇಳಿದೆ: ಹೆಸರು, ವಿಳಾಸ ಎಲ್ಲೂ ಬರುವುದಿಲ್ಲ, ಅಂಕಿಗಳು ಮಾತ್ರ ಎಲ್ಲರಿಗೂ ಕಾಣುತ್ತವೆ, ಬೇಡವೆನಿಸಿದರೆ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಆಕೆ ಸಹಿ ಮಾಡಿದಳು. ಅತ್ತೆ ಹಾಲಿನಲ್ಲಿ ಟಿವಿಯ ದನಿ ಜೋರು ಮಾಡಿದರು.

ಫಲಿತಾಂಶ ಬಂದಾಗ ಮೂರೂ ಕಡೆಯ ಮನೆಗಳಲ್ಲಿ ಬೂಸ್ಟು ಅತಿ ಹೆಚ್ಚಿದ್ದದ್ದು ಈ ಮನೆಯಲ್ಲೇ. ಶೀಟಿಗೆ ಸೇರಿಸಿ ಮೂರೂ ಕಾಲೇಜಿನವರಿಗೆ ಕಳಿಸಿದೆ. ಪ್ರೊಫೆಸರು ತಕ್ಷಣ ಫೋನ್ ಮಾಡಿದರು.

“ಮೇಡಂ, ಕೆಂಗೇರೀಲಿ ಇದೊಂದೇ ಮನೆ ಇಷ್ಟು ಎತ್ತರಕ್ಕೆ ಹೋಗಿದೆ. ಅಳತೆ ತಪ್ಪಿರಬೇಕು. ತೆಗೆದುಬಿಡೋಣ.”

“ಸಾರ್, ಕೆಂಗೇರೀಲಿ ಇದೊಂದೇ ಮನೆ ಸರಿ ಇರೋದು.”

“ನೀವು ತುಂಬಾ ಬೇಗ ಬೇಜಾರು ಮಾಡ್ಕೋತೀರ.”

ಮಾಡಿಕೊಳ್ಳದೆ ಇನ್ನೇನು? ತೊಳೆದ ಮನೆಗಳೆಲ್ಲ ಸೇರಿ ತೊಳೆಯದ ಒಂದು ಮನೆಯನ್ನು ಸುಳ್ಳು ಎನ್ನುತ್ತಿದ್ದವು. ಇದಕ್ಕೇ ನಮ್ಮ ಕಡೆ ತಿಪ್ಪೆ ಸಾರಿಸುವುದು ಎನ್ನುವುದು. ಮನೆಯವರು ಕೇಳಿದರೆ ಮಾತ್ರ ಒಂದು ಮನೆಯ ಡೇಟಾ ತೆಗೆಯಬಹುದು, ನೀವೂ ನಾನೂ ತೆಗೆಯುವ ಹಾಗಿಲ್ಲ ಎಂದು ನಿಯಮ ತೋರಿಸಿದೆ. ಜೊತೆಗೆ ಕಾಲಂನ ಪ್ರಶ್ನೆಯನ್ನೂ ಬದಲಿಸಿದೆ. ತೊಳೆದಿದ್ದರೇ ಎಂದು ಮನೆಯವರನ್ನು ಕೇಳಿದರೆ ತಾನೇ ಸುಳ್ಳು? ಹಿಂದಿನ ದಿನ ತಿಳಿಸಲಾಗಿತ್ತೇ ಎಂದು ನಮ್ಮವರನ್ನೇ ಕೇಳಿದೆ. ತಮ್ಮ ಸೌಜನ್ಯಕ್ಕೊಂದು ಕಾಲಂ ಸಿಕ್ಕಿತೆಂದು ಪ್ರೊಫೆಸರು ಖುಷಿಯಿಂದ ತಮ್ಮ ತಂಡ ಹೋದ ಎಲ್ಲ ಮನೆಗಳಿಗೂ ‘ಹೌದು’ ಎಂದು ತುಂಬಿ ಕಳಿಸಿದರು; ಹೇಳದೆ ಹೋಗಿದ್ದ ಆ ಒಂದು ಮನೆಗೆ ‘ಇಲ್ಲ’ ಎಂದು ನಾನೇ ತುಂಬಿದೆ. ಇನ್ನು ಯಾವ ದೇಶದವರು ನೋಡಿದರೂ ‘ಹೌದು’ ಎಂದಿರುವ ಮನೆಗಳ ಅಂಕಿಗಳನ್ನು ಅನುಮಾನಿಸಿಯೇ ನೋಡುತ್ತಾರೆ. ನನಗೆ ಅಷ್ಟು ಸಾಕಿತ್ತು.

ಪ್ರೊಫೆಸರ ಸಜ್ಜನಿಕೆ ಅಲ್ಲಿಗೂ ಮುಗಿದಿರಲಿಲ್ಲ. ಪಾಪ, ಒಂದು ಮನೆಗೆ ಕೆಟ್ಟ ಹೆಸರು ಬರಬಾರದೆಂದು ಅವರು ಆ ಮನೆಗೇ ಫೋನ್ ಮಾಡಿ ಅತ್ತೆಯ ಹತ್ತಿರ ಮಾತಾಡಿದ್ದರು. ನಿಮ್ಮ ಮನೆಯದು ತೀರಾ ಕೆಟ್ಟದಾಗಿ ಬಂದಿದೆ, ಪ್ರಪಂಚಕ್ಕೆಲ್ಲ ಕಾಣ್ತದೆ, ಬೇಡ ಅಂದ್ರೆ ಸೊಸೆ ಒಂದು ಸಹಿ ಹಾಕಿದರೆ ಸಾಕು, ತೆಗೆಸಿಬಿಡ್ತೀವಿ ಎಂದು. ತೆಗೆಸಿದರೆ ಹೊಸ ರಿಪೋರ್ಟೂ ಇಲ್ಲ. ಗೋಡೆಯ ಮೇಲಿನ ಚಿನ್ನದ ಅಂಚಿನ ಕಾಗದವೇ ಕೊನೆಯ ಮಾತು, ಮಗು ಅದೇ ರೂಮಿನಲ್ಲಿ.

ಇದು ನನಗೆ ಗೊತ್ತಾದದ್ದು ಆಕೆ ಮಗಳನ್ನು ಕರೆದುಕೊಂಡು ಮೆಟ್ರೊದಲ್ಲಿ ನಮ್ಮ ಕಾಲೇಜಿಗೇ ಬಂದಾಗ. ಮಗು ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿತ್ತು. “ಸಹಿ ಹಾಕಿ ಬಾ ಅಂತ ಅತ್ತೆ ಕಳಿಸಿದಾರೆ” ಎಂದಳು. ನಿಯಮ ನಿಯಮವೇ. ಎಷ್ಟು ಹೊಟ್ಟೆ ಉರಿದರೂ ನಾನು ಬೇಡ ಎನ್ನುವ ಹಾಗಿರಲಿಲ್ಲ. ಡ್ರಾಯರಿನಿಂದ ಕಾಗದ ತೆಗೆದು ಆಕೆಯ ಮುಂದಿಟ್ಟು, ಪೆನ್ನನ್ನು ಬೇಕೆಂದೇ ಕೊಡಲಿಲ್ಲ.

ಆಕೆ ಕಾಗದವನ್ನು ಮುಟ್ಟಲಿಲ್ಲ. “ಇದು ಯಾರ್ಯಾರಿಗೆ ಕಾಣತ್ತೆ ಮೇಡಂ?”

“ಯಾರು ಬೇಕಾದ್ರೂ ನೋಡಬಹುದು. ಅಮೆರಿಕದೋರು, ಜಪಾನಿನೋರು.”

“ನಮ್ಮ ಬೀದಿಯೋರು?”

“ನೋಡಬಹುದು. ಆದ್ರೆ ಯಾರ ಮನೆ ಅಂತ ಗೊತ್ತಾಗಲ್ಲ. ಹೆಸರು ಇರಲ್ಲ, ನಂಬರ್ ಅಷ್ಟೇ. ಹೆದರಬೇಡಿ.”

“ಹೆಸರು ಹಾಕಿ ಮೇಡಂ.”

ನಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಆಕೆಯ ಮುಖ ನೋಡಿದೆ.

“ಜಪಾನಿನೋರು ನೋಡಿ ನಮಗೇನಾಗಬೇಕು? ಬೀದಿಯೋರಿಗೆ ಗೊತ್ತಾದ್ರೆ ನಮ್ಮತ್ತೆ ಮಾರನೇ ದಿನನೇ ಆ ಗೋಡೆ ಒಡೆಸ್ತಾರೆ. ನಾನು ಹೇಳಿದ್ರೆ ಕೇಳಲ್ಲ, ಡಾಕ್ಟ್ರು ಹೇಳಿದ್ರೂ ಕೇಳಲ್ಲ. ಎದುರು ಮನೆಯೋರು ಏನಂದ್ಕೋತಾರೋ ಅದೊಂದೇ ಅವರಿಗೆ ಭಯ.”

ಡೇಟಾಬೇಸಿನಲ್ಲಿ ಹೆಸರು ಹಾಕುವ ಹಾಗಿಲ್ಲ ಎಂದೆ. ಹಾಗಾದರೆ ಇಷ್ಟೆಲ್ಲ ಮಾಡಿ ಏನು ಉಪಯೋಗ ಎಂದು ಕೇಳಿದಳು. ಇಷ್ಟು ದಿನ ಕಾಲಂಗಳ ಜೊತೆ ಬಡಿದಾಡಿದ ನಾನು ಕಂಪ್ಯೂಟರಿನತ್ತ ತಿರುಗಿದೆ. ಆ ಮನೆಯ ರಿಪೋರ್ಟನ್ನು ದೊಡ್ಡ ಅಕ್ಷರಗಳಲ್ಲಿ, ಅಚ್ಚ ಕನ್ನಡದಲ್ಲಿ, ಬೂಸ್ಟು ಎಷ್ಟು, ಅದರಿಂದ ಮಕ್ಕಳ ಉಸಿರಿಗೆ ಏನು ತೊಂದರೆ ಎಂದು ಬರೆದು ಪ್ರಿಂಟ್ ತೆಗೆದೆ. ಅದು ಅವರ ಮನೆಯ ಕಾಗದ, ಯಾರಿಗೆ ತೋರಿಸುವುದೂ ಅವರಿಗೆ ಬಿಟ್ಟದ್ದು. ಮನೆ ಯಾರದು ಎಂಬಲ್ಲಿ ಹೆಸರು ಬರೆಯಲು ಪೆನ್ನು ಹಿಡಿದು, “ನಿಮ್ಮ ಹೆಸರಾ?” ಎಂದೆ.

“ನಮ್ಮತ್ತೆದು ಹಾಕಿ. ಮನೆ ಅವರ ಹೆಸರಲ್ಲೇ ಇರೋದು.”

ಆಕೆ ಹೇಳಿದ ಹಾಗೆ ಬರೆದು ಸಹಿ ಮಾಡಿ ಕಾಲೇಜಿನ ಮೊಹರು ಹಾಕಿದೆ. ಕಾಗದವನ್ನು ಮಡಿಸದೆ ಮಗಳ ಚಿತ್ರದ ಪುಸ್ತಕದೊಳಗೆ ಇಟ್ಟುಕೊಂಡಳು. “ಶುಕ್ರವಾರ ಅರಿಶಿನ ಕುಂಕುಮಕ್ಕೆ ಬೀದಿಯೋರನ್ನೆಲ್ಲ ಕರ್ದಿದೀವಿ ಮೇಡಂ. ಬಂದೋರು ಓದ್ಲಿ” ಎಂದು ಮಗಳ ಕೈ ಹಿಡಿದುಕೊಂಡು ಇಳಿದು ಹೋದಳು. ಹಿಂದಕ್ಕೆ ಪಡೆಯುವ ಪತ್ರ ಖಾಲಿಯಾಗಿ ಮೇಜಿನ ಮೇಲೇ ಉಳಿಯಿತು.

ಸ್ವಲ್ಪ ದಿನ ಸುದ್ದಿಯಿಲ್ಲ. ಆಕೆಯನ್ನು ಮನೆಯಿಂದಲೇ ಆಚೆ ಹಾಕಿದರೋ ಏನೋ ಎಂದು ನನಗೆ ದಿಗಿಲಾಗಿತ್ತು. ಆಮೇಲೊಂದು ಬೆಳಗ್ಗೆ ಆಕೆಯ ಫೋನು ಬಂತು. ಹಿಂದೆ ದಡದಡ ಸುತ್ತಿಗೆ ಸದ್ದು, ಅದರ ಮೇಲೆ ಅತ್ತೆಯ ದನಿ: ಗಾರೆಯವನಿಗೆ, ಸುತ್ತ ನಿಂತವರಿಗೆ, ಮೊಮ್ಮಗಳ ಆರೋಗ್ಯಕ್ಕಿಂತ ದುಡ್ಡು ದೊಡ್ಡದಲ್ಲ ಅಂತ ತಾನೇ ಒಡೆಸುತ್ತಿದ್ದೇನೆ ಎಂದು ಸಾರುತ್ತಿದ್ದರು. ಗೋಡೆ ಆರುವ ತನಕ ಮಗು ಹಾಲಿನಲ್ಲಿ ಅಜ್ಜಿಯ ಪಕ್ಕ ಮಲಗುತ್ತಿದೆಯಂತೆ.

“ನಿನ್ನೆ ರಾತ್ರಿ ಹೇಗಿದ್ಲು?” ಎಂದೆ.

“ಚೆನ್ನಾಗಿ ಮಲಗಿದ್ಲು ಮೇಡಂ. ನನಗೇ ನಿದ್ದೆ ಬರ್ಲಿಲ್ಲ. ಸದ್ದೇ ಕೇಳ್ತಿಲ್ವಲ್ಲ, ಉಸಿರಾಡ್ತಿದಾಳೋ ಇಲ್ವೋ ಅಂತ ಎದ್ದೆದ್ದು ಹೋಗಿ ಮೂಗಿನ ಹತ್ರ ಕೈ ಇಟ್ಟು ನೋಡಿದೆ.”